ಪಾರ್ಶ್ವವಾಯು: ಮಿದುಳಿಗೆ ಎರಡನೆಯ ಪೆಟ್ಟು ನೀಡುವ ಕಿಣ್ವಗಳು

ಚಿತ್ರದುರ್ಗ: ಆಡುಮಾತಿನಲ್ಲಿ ‘ಲಕ್ವ ಹೊಡೆಯಿತು’ ಎನ್ನಲಾಗುವ ಪಾರ್ಶ್ವವಾಯುವಿನಲ್ಲಿ ಮಿದುಳಿಗೆ ಬೀಳುವ ಪೆಟ್ಟು ಒಂದಲ್ಲ, ಎರಡು. ರಕ್ತನಾಳದಲ್ಲಿ ಹೆಪ್ಪು ಸಿಲುಕಿ ರಕ್ತ ಪೂರೈಕೆ ನಿಂತಾಗ ಬೀಳುವುದು ಮೊದಲನೆಯದು. ನಂತರದ ಗಂಟೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನೀಡುವುದು ಎರಡನೆಯದು. ಚಿಕಿತ್ಸೆಗೆ ವೈದ್ಯರು ಕಾಲಮಿತಿ ವಿಧಿಸುವುದಕ್ಕೆ ಈ ಎರಡನೆಯ ಪೆಟ್ಟೂ ಒಂದು ಕಾರಣ.

ಸಂಕೇತ ರವಾನೆ ಹೇಗೆ?

ಆಮ್ಲಜನಕವಿಲ್ಲದೆ ಸಾಯುವ ನರಕೋಶಗಳು ಅಪಾಯ ಸೂಚಕ ವಸ್ತುಗಳನ್ನು ಹೊರಸೂಸುತ್ತವೆ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಹಾಗೂ ರಕ್ತದಲ್ಲಿನ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಇದನ್ನು ಗುರುತಿಸುತ್ತವೆ. ಕೋಶದ ಹೊರಮೈಗೆ ತಲುಪಿದ ಸೂಚನೆಯನ್ನು ಒಳಕ್ಕೆ ದಾಟಿಸುವ ಕೆಲಸ ಕಿಣ್ವಗಳದ್ದು. ಇವುಗಳಲ್ಲಿ ಪಿಐ-3 ಕೈನೇಸ್ ಗಾಮಾ ಮುಖ್ಯವಾದುದು. ಬಿಳಿ ರಕ್ತಕಣಗಳು ಗಾಯದತ್ತ ಧಾವಿಸಲು ಇದು ಪ್ರೇರಣೆ ನೀಡುತ್ತದೆ. ಈ ಕಿಣ್ವವಿಲ್ಲದ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮಿದುಳಿನ ಹಾನಿ ಕಡಿಮೆಯಾಗಿದ್ದುದು ಕಂಡುಬಂದಿದೆ.

ಸ್ಥಳಕ್ಕೆ ಬಂದ ಕಣಗಳು ಇನ್ನೂ ಎರಡು ಕಿಣ್ವಗಳನ್ನು ಬಳಸುತ್ತವೆ. ಎನ್‌ಎಡಿಪಿಎಚ್ ಆಕ್ಸಿಡೇಸ್ ಉತ್ಪಾದಿಸುವ ತೀವ್ರ ಆಮ್ಲಜನಕ ಕಣಗಳು, ಉಳಿಯಬಹುದಾಗಿದ್ದ ನೆರೆಯ ನರಕೋಶಗಳನ್ನೂ ಕೊಲ್ಲುತ್ತವೆ. ಎಂಎಂಪಿ-9 ಎಂಬುದು ರಕ್ತ ಮತ್ತು ಮಿದುಳಿನ ನಡುವಣ ತಡೆಗೋಡೆಯನ್ನು ಕರಗಿಸುತ್ತದೆ. ಇದರಿಂದ ಮಿದುಳು ಬಾತು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕೆಂಬ ನಿಯಮದ ಹಿಂದೆ ಈ ಅಪಾಯವೂ ಇದೆ. ತಡೆಗೋಡೆ ಶಿಥಿಲವಾದ ಮೇಲೆ ಹರಿಯುವ ರಕ್ತ ಮಿದುಳಿನೊಳಕ್ಕೇ ಸೋರಬಹುದು.

ತಡೆಯಲು ಸಾಧ್ಯವಿಲ್ಲವೇ?

ಬಿಳಿ ರಕ್ತಕಣಗಳ ಪ್ರವೇಶವನ್ನೇ ತಡೆಯುವ ಎನ್ಲಿಮೊಮ್ಯಾಬ್ ಔಷಧದ ಪ್ರಯೋಗದಲ್ಲಿ ರೋಗಿಗಳ ಸ್ಥಿತಿ ಸುಧಾರಿಸುವ ಬದಲು ಹದಗೆಟ್ಟಿತೆಂದು 2001ರಲ್ಲಿ ವರದಿಯಾಯಿತು. ಸತ್ತ ಕೋಶಗಳನ್ನು ತೆರವುಗೊಳಿಸುವುದೂ ಇದೇ ರಕ್ಷಣಾ ಕೋಶಗಳು. ಆರಂಭದಲ್ಲಿ ಹಾನಿ ಮಾಡುವ ಎಂಎಂಪಿ-9, ದಿನಗಳು ಕಳೆದ ಮೇಲೆ ದುರಸ್ತಿಗೆ ನೆರವಾಗುವುದು ಇಲಿಗಳಲ್ಲಿ ಕಂಡುಬಂದಿದೆ. ಆದ್ದರಿಂದ ಯಾವ ಕಿಣ್ವವನ್ನು ಯಾವಾಗ ತಡೆಯಬೇಕೆಂಬುದೇ ಸಂಶೋಧಕರ ಮುಂದಿರುವ ಪ್ರಶ್ನೆ.

ಜಿಲ್ಲೆಗೆ ಇದರ ಅರ್ಥ

ಸದ್ಯಕ್ಕೆ ಸಮಯವೇ ಮದ್ದು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಹೊಳಲ್ಕೆರೆಯಿಂದ 30 ಕಿ.ಮೀ.ಗೂ ಹೆಚ್ಚು, ಹೊಸದುರ್ಗದಿಂದ ಸುಮಾರು 60 ಕಿ.ಮೀ. ದೂರವಿದೆ. ದಾರಿಗೆ ಒಂದು-ಒಂದೂವರೆ ಗಂಟೆ ಹಿಡಿದರೂ ಅವಧಿ ಉಳಿಯುತ್ತದೆ. ಆದರೆ ‘ಬೆಳಿಗ್ಗೆ ನೋಡೋಣ’ ಎಂದು ಕಾದರೆ, ಮೊದಲು ನಾಟಿ ಔಷಧಕ್ಕೆ ಹೋದರೆ ಆ ಅವಧಿ ಮುಗಿದಿರುತ್ತದೆ. ದೊಡ್ಡ ರಕ್ತನಾಳದ ಹೆಪ್ಪನ್ನು ಕ್ಯಾತಿಟರ್ ಮೂಲಕ ತೆಗೆಯುವ ಚಿಕಿತ್ಸೆ ಆಯ್ದ ರೋಗಿಗಳಿಗೆ 24 ಗಂಟೆಗಳವರೆಗೂ ಸಾಧ್ಯವೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದರೂ, ಅದು ದೊರೆಯುವುದು ದೊಡ್ಡ ಕೇಂದ್ರಗಳಲ್ಲಿ ಮಾತ್ರ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಮುಖ್ಯ ಲಕ್ಷಣಗಳು. ಇವು ಕಂಡ ಗಳಿಗೆಯನ್ನು ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಬೇಕು. ಮಿದುಳಿನ ರಕ್ತಸ್ರಾವದಿಂದಲೂ ಪಾರ್ಶ್ವವಾಯು ಬರುವುದರಿಂದ, ಸ್ಕ್ಯಾನ್ ಆಗುವ ಮುನ್ನ ಆಸ್ಪಿರಿನ್ ನೀಡಬಾರದು. ನುಂಗಲು ಕಷ್ಟವಾಗುವ ಸಾಧ್ಯತೆ ಇರುವುದರಿಂದ ನೀರು, ಆಹಾರವನ್ನೂ ಕೊಡಬಾರದು.