ಕುಡಿಯಾಕೋ, ಒಗಿಯಾಕೋ?

ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಒಂದು ಮುಂಜಾನೆ ಚಿತ್ರೀಕರಣಕ್ಕೆ ನಿಂತಿದ್ದೆವು. ಬಟ್ಟೆ ಒಗೆಯುತ್ತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರನ್ನು ಕೇಳಿದೆ: "ಯವ್ವಾ, ಈ ಕೆರಿ ನೀರು ಚೊಲೋ ಅದಾವೇನ್ರಿ?" ಅವರು ಸೀರೆ ಹಿಂಡುತ್ತಲೇ ನನ್ನನ್ನು ಕೇಳಿದರು: "ಎದಕ್ಕಂತ ಕೇಳ್ತೀಯೋ ತಮ್ಮಾ? ಕುಡಿಯಾಕೋ, ಅರಿವಿ ಒಗಿಯಾಕೋ?"

ವಿದ್ಯಾರ್ಥಿ ಮಿತ್ರರೇ, ವಿಜ್ಞಾನದ ಪದವಿ ಪಡೆದ ನನಗೆ ಹೊಳೆಯದ ಪ್ರಶ್ನೆ ಅದು. ನೀರನ್ನು ಪರೀಕ್ಷಿಸುವುದನ್ನು ಮನುಷ್ಯ ಕಲಿತ ಇತಿಹಾಸದಲ್ಲಿ ಈ ಪ್ರಶ್ನೆಗೆ ದೊಡ್ಡ ಸ್ಥಾನವಿದೆ.

ಚಾಲುಕ್ಯರ ಮೊದಲನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದನು. ಮಂಗಲೇಶನ ಮೂರನೆಯ ಗುಹೆಯ ಶಾಸನ 578ರದು. ಇಂಥ ರಾಜಧಾನಿಗೆ ಕಲ್ಲಿನಷ್ಟೇ ನೀರೂ ಬೇಕು. ಸುತ್ತಣ ಮರಳುಗಲ್ಲಿನ ಬೆಟ್ಟಗಳಿಂದ ಇಳಿಯುವ ಮಳೆನೀರು ಈ ಕೆರೆಯಲ್ಲಿ ನಿಲ್ಲುತ್ತದೆ. ಅಂದಿನವರಿಗೆ ನೀರಿನ ಪರೀಕ್ಷೆಯೆಂದರೆ ಕಣ್ಣು, ಮೂಗು, ನಾಲಿಗೆ. ತಿಳಿಯಾಗಿದ್ದು, ವಾಸನೆಯಿಲ್ಲದೆ, ರುಚಿಯಾಗಿದ್ದರೆ ಅದು ಒಳ್ಳೆಯ ನೀರು.

ಈ ನಂಬಿಕೆ ಅಲುಗಾಡಿದ್ದು 19ನೆಯ ಶತಮಾನದಲ್ಲಿ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ, ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸುತ್ತ ಹೋಗಿ ಒಂದು ಬೀದಿಪಂಪಿನ ಬಳಿ ಬಂದು ನಿಂತರು. ಆ ಪಂಪಿನ ನೀರು ನೋಡಲು ತಿಳಿಯಾಗಿಯೇ ಇತ್ತು! 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿಯೇ ಕಾಲರಾ ರೋಗಾಣುವನ್ನು ಕಂಡರು. ಸುತ್ತಲಿನವರು ಆ ನೀರನ್ನು ಕುಡಿಯುತ್ತಿದ್ದರು, ಅದರಲ್ಲೇ ಮೀಯುತ್ತಿದ್ದರು, ಬಟ್ಟೆಯನ್ನೂ ಒಗೆಯುತ್ತಿದ್ದರು. ಊರ ನಡುವಿನ ಕೆರೆಯೊಂದು ವಿಜ್ಞಾನದ ಸಾಕ್ಷಿಯಾದದ್ದು ನಮ್ಮ ದೇಶದಲ್ಲಿಯೇ.

ಕಣ್ಣು ಸಾಲದೆಂದ ಮೇಲೆ ಅಳತೆಗಳು ಬೇಕಾದವು. 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ ಬಿಳಿಯ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಮರೆಯಾಗುತ್ತದೆಂದು ಅಳೆದರು. ನೀರಿನ ತಿಳಿತನಕ್ಕೆ ಅಂಕಿ ಬಂತು. 1888ರಲ್ಲಿ ಹಂಗೆರಿಯ ಲಾಯೋಷ್ ವಿಂಕ್ಲರ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ದಾರಿ ತೋರಿದರು. ಗಾಳಿಗುಳ್ಳೆ ಉಳಿಯದಂತೆ ಸೀಸೆ ತುಂಬಿ, ಮ್ಯಾಂಗನೀಸ್ ಲವಣವನ್ನೂ ಕ್ಷಾರೀಯ ಅಯೋಡೈಡನ್ನೂ ಹಾಕಿದರೆ ಕಂದು ಗಷ್ಟು ಕೂರುತ್ತದೆ. ಆಮ್ಲ ಬೆರೆಸಿದಾಗ ಅಯೋಡಿನ್ ಹೊರಬರುತ್ತದೆ. ಅದಕ್ಕೆ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ, ಬಣ್ಣ ತೆಳುವಾದಾಗ ಪಿಷ್ಟ ಹಾಕಿ, ಆ ನೀಲಿ ಮಾಯವಾಗುವವರೆಗೆ ಎಷ್ಟು ಬೇಕಾಯಿತೆಂದು ಲೆಕ್ಕ ಹಾಕುವುದು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಇದು ಇಂದಿಗೂ ನಡೆಯುತ್ತದೆ.

ಆಮ್ಲಜನಕಕ್ಕೇಕೆ ಇಷ್ಟು ಮಹತ್ವ? ಸಾಬೂನುಪುಡಿಯ ಫಾಸ್ಫೇಟ್, ಚರಂಡಿಯ ಸಾರಜನಕ ಕೆರೆ ಸೇರಿದರೆ ಪಾಚಿಗೆ ಗೊಬ್ಬರ ಸಿಕ್ಕಂತೆ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಆದ್ದರಿಂದ ಮಧ್ಯಾಹ್ನ ಚೆನ್ನಾಗಿ ಕಂಡ ಕೆರೆಯಲ್ಲಿ ಬೆಳಗಿನ ಜಾವ ಮೀನು ಉಸಿರುಗಟ್ಟಬಹುದು. ಒಂದೇ ಹೊತ್ತಿನ ಪರೀಕ್ಷೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ನಮ್ಮಲ್ಲಿ ಜಲಮಾಲಿನ್ಯ ತಡೆ ಕಾಯಿದೆ ಬಂದದ್ದು 1974ರಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಅದರ ಬಳಕೆಗೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸಿತು. ಸೋಂಕು ನಿವಾರಣೆಯೊಂದನ್ನೇ ಮಾಡಿ ಕುಡಿಯಬೇಕಾದರೆ 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯ 50ನ್ನು ಮೀರಬಾರದು. ಮೀಯಲು 500ರವರೆಗೆ ಸರಿ. ಕರಗಿದ ಆಮ್ಲಜನಕ ಲೀಟರಿಗೆ ಮೊದಲನೆಯದಕ್ಕೆ 6, ಎರಡನೆಯದಕ್ಕೆ 5, ಮೀನಿಗೆ 4 ಮಿಲಿಗ್ರಾಮಾದರೂ ಇರಬೇಕು. ಬಾದಾಮಿಯ ಆ ತಾಯಿ ಕೇಳಿದ್ದೂ ಇದನ್ನೇ ಅಲ್ಲವೇ?

ಕೆರೆ ಬಿಟ್ಟು ಕೊಳವೆಬಾವಿಗೆ ಹೋದರೆ ಸಮಸ್ಯೆ ಮುಗಿಯಿತೆಂದಲ್ಲ. ಹುನಗುಂದ, ಇಳಕಲ್ಲಿನ ಕಡೆಯ ಗ್ರಾನೈಟ್ ನೆಲದಲ್ಲಿ ಅಂತರ್ಜಲದ ಫ್ಲೋರೈಡ್ ತೊಂದರೆ ಕೊಡುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಮಾತ್ರ. ಹೆಚ್ಚಾದರೆ ಹಲ್ಲು, ಮೂಳೆ ಕೆಡುತ್ತವೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನಿಮ್ಮ ಊರಲ್ಲಿಯೂ ಒಂದು ಕೆರೆಯೋ ಹೊಂಡವೋ ಇರಬಹುದು. ಅಧ್ಯಾಪಕರನ್ನು ಕರೆದುಕೊಂಡು ಹೋಗಿ. ಉಷ್ಣಮಾಪಕ, ಪಿಎಚ್ ಕಾಗದ, ದಾರ ಕಟ್ಟಿದ ಬಿಳಿ ತಟ್ಟೆ, ಇಷ್ಟು ಸಾಕು ಆರಂಭಕ್ಕೆ. ಬ್ಯಾಕ್ಟೀರಿಯದ ಪರೀಕ್ಷೆಯನ್ನು ಪ್ರಯೋಗಶಾಲೆಗೆ ಬಿಡಿ. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಅಳೆದು, ದಿನಾಂಕ ಹಾಕಿ ಬರೆದಿಡಿ. ಅಗಸ್ತ್ಯ ತೀರ್ಥದ ಬಳಿಯ ಬಂಡೆಯ ಮೇಲೆ ಸುಮಾರು 1,300 ವರ್ಷಗಳ ಹಿಂದಿನ ಕಪ್ಪೆ ಅರಭಟ್ಟನ ಶಾಸನವಿದೆ. ಅವನು ಎಂಥವನೆಂದು ಅದರಿಂದ ನಮಗೆ ಗೊತ್ತು. ಅವನ ಕಾಲದಲ್ಲಿ ಕೆರೆಯ ನೀರು ಹೇಗಿತ್ತೆಂದು ಹೇಳುವ ಅಂಕಿಗಳಿಲ್ಲ. ನಮ್ಮ ಕಾಲದ ನೀರಿನ ಬಗ್ಗೆ ಮುಂದಿನವರು ಹಾಗೆ ಹೇಳುವಂತಾಗಬಾರದು.