ಬೊಜ್ಜು ಮತ್ತು ಹಾರ್ಮೋನು: ಯಾವುದು ಮೊದಲು, ಯಾವುದು ಆಮೇಲೆ?

ಬೊಜ್ಜಿನ ಬಗ್ಗೆ ನಮ್ಮಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲೇ ಚಾಲ್ತಿಯಲ್ಲಿವೆ. ತೂಕ ಏರಿದವರು ‘ಥೈರಾಯ್ಡ್ ಇದೆ, ಅದಕ್ಕೇ ದಪ್ಪಗಾಗಿದ್ದೇನೆ’ ಎನ್ನುತ್ತಾರೆ. ಸುತ್ತಲಿನವರು ‘ಬಾಯಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಕಳೆದ ಮೂರು ದಶಕಗಳ ಸಂಶೋಧನೆ ಎರಡನ್ನೂ ಒಪ್ಪುವುದಿಲ್ಲ. ಹಾರ್ಮೋನಿನ ದೋಷದಿಂದಲೇ ಬೊಜ್ಜು ಹುಟ್ಟುವುದು ವಿರಳ. ಬೊಜ್ಜಿನಿಂದ ಹಾರ್ಮೋನುಗಳು ಏರುಪೇರಾಗುವುದು ಸರ್ವೇಸಾಮಾನ್ಯ. ಬಂದ ತೂಕವನ್ನು ಇಳಿಸಹೊರಟಾಗ ಹಾರ್ಮೋನುಗಳೇ ಅಡ್ಡ ನಿಲ್ಲುತ್ತವೆ. ಈ ಲೇಖನದ ವಾದ ಇದು.

ಥೈರಾಯ್ಡ್ ವಿಷಯವನ್ನು ಮೊದಲು ಮುಗಿಸಬಹುದು. ಗ್ರಂಥಿಯ ಸ್ರವಿಕೆ ನಿಜವಾಗಿ ಕುಂದಿದಾಗ ಏರುವ ತೂಕ ಸಾಧಾರಣವಾಗಿ ಕೆಲವೇ ಕಿಲೋ; ಅದರಲ್ಲೂ ಬಹುಪಾಲು ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ಸ್ಥೂಲಕಾಯರಲ್ಲಿ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ತುಸು ಹೆಚ್ಚಿರುವುದು ಎಷ್ಟೋ ವೇಳೆ ಬೊಜ್ಜಿನ ಫಲ. ತೂಕ ಇಳಿದರೆ ಅದೂ ಇಳಿಯುತ್ತದೆ. ಕಾರ್ಟಿಸೋಲ್ ಮಿತಿಮೀರುವ ಕುಶಿಂಗ್ ಕಾಯಿಲೆ ಹೊಟ್ಟೆಯ ಸುತ್ತ ಕೊಬ್ಬು ಕೂಡಿಸುವುದು ದಿಟ, ಆದರೆ ಆ ಕಾಯಿಲೆ ಅಪರೂಪ.

ಬೊಜ್ಜಿನ ಹಾರ್ಮೋನು ಚರಿತ್ರೆಯ ನಿಜವಾದ ತಿರುವು ಬಂದದ್ದು ಇಲಿಗಳಿಂದ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ಎಷ್ಟು ತಿಂದರೂ ತೃಪ್ತಿಯಿಲ್ಲದ ಇಲಿಯ ತಳಿಯೊಂದು ಕಾಣಿಸಿಕೊಂಡಿತು. ವಿಜ್ಞಾನಿ ಡಗ್ಲಸ್ ಕೋಲ್ಮನ್ ಇಂಥ ಇಲಿಗಳ ರಕ್ತಸಂಚಾರವನ್ನು ಬೇರೆ ಇಲಿಗಳೊಡನೆ ಜೋಡಿಸಿ ನಡೆಸಿದ ಪ್ರಯೋಗಗಳಿಂದ, ಹಸಿವನ್ನು ತಣಿಸುವ ಯಾವುದೋ ವಸ್ತು ರಕ್ತದಲ್ಲಿ ಹರಿಯುತ್ತದೆ, ಈ ತಳಿಯಲ್ಲಿ ಅದು ಇಲ್ಲ ಎಂದು 1973ರಲ್ಲಿ ತರ್ಕಿಸಿದರು. ಅದರ ವಂಶವಾಹಿಯನ್ನು 1994ರಲ್ಲಿ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿಯಿತು. ಅದು ಉತ್ಪಾದಿಸುವ ಪ್ರೊಟೀನೇ ಲೆಪ್ಟಿನ್. ಬೆರಗಿನ ಸಂಗತಿಯೆಂದರೆ ಅದನ್ನು ಸ್ರವಿಸುವುದು ಕೊಬ್ಬಿನ ಕೋಶಗಳೇ. ಬರಿಯ ದಾಸ್ತಾನು ಎಂದುಕೊಂಡಿದ್ದ ಕೊಬ್ಬು, ತನ್ನಲ್ಲಿ ಎಷ್ಟು ಶೇಖರವಾಗಿದೆ ಎಂದು ಮಿದುಳಿನ ಹೈಪೊಥಾಲಮಸ್‌ಗೆ ವರದಿ ಒಪ್ಪಿಸುವ ಗ್ರಂಥಿಯೂ ಆಗಿತ್ತು.

ಮನುಷ್ಯರಲ್ಲೂ ಇದು ನಿಜವೆಂದು 1997ರಲ್ಲಿ ಕೇಂಬ್ರಿಜ್‌ನಲ್ಲಿ ತಿಳಿಯಿತು. ಪಾಕಿಸ್ತಾನ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿತ್ತು. ಎಂಟು ವರ್ಷದ ಬಾಲಕಿಯ ತೂಕ 86 ಕಿಲೋ. ಆಕೆಗೆ ಲೆಪ್ಟಿನ್ ಚುಚ್ಚುಮದ್ದು ಆರಂಭಿಸಿದ ಮೇಲೆ ಒಂದು ವರ್ಷದಲ್ಲಿ 16.4 ಕಿಲೋ ಇಳಿಯಿತು. ಹೊಟ್ಟೆಬಾಕಿ ಎಂದು ಗದರಿಸಿಕೊಳ್ಳುತ್ತ ಬೆಳೆಯಬಹುದಾಗಿದ್ದ ಮಗುವಿಗೆ ಇದ್ದದ್ದು ವಂಶವಾಹಿಯ ಒಂದು ಸಣ್ಣ ಲೋಪ. ಆದರೆ ಇದೇ ಮದ್ದು ಉಳಿದ ಸ್ಥೂಲಕಾಯರಿಗೆ ಹೆಚ್ಚೇನೂ ಫಲಿಸಲಿಲ್ಲ. ಅವರಲ್ಲಿ ಲೆಪ್ಟಿನ್ ಕೊರತೆಯಿಲ್ಲ, ಬದಲಿಗೆ ವಿಪರೀತವಿದೆ. ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುತ್ತಿಲ್ಲ.

ಕೊಬ್ಬು ಗ್ರಂಥಿಯಂತೆ ವರ್ತಿಸುತ್ತದೆ ಎಂದು ಒಪ್ಪಿದರೆ ಹಲವು ತೊಡಕುಗಳು ಬಿಡಿಸಿಕೊಳ್ಳುತ್ತವೆ. ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರಿದ ಕೊಬ್ಬು ಸುಲಭವಾಗಿ ಕರಗಿ ಕೊಬ್ಬಿನಾಮ್ಲಗಳನ್ನು ನೇರವಾಗಿ ಯಕೃತ್ತಿಗೆ ಹರಿಯಬಿಡುತ್ತದೆ. ಯಕೃತ್ತು ಮತ್ತು ಸ್ನಾಯುಗಳು ಇನ್ಸುಲಿನ್‌ಗೆ ಮಣಿಯದಾಗುತ್ತವೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೀಗೆ ಏರಿದ ಇನ್ಸುಲಿನ್ ಹೆಣ್ಣಿನ ಅಂಡಾಶಯದಲ್ಲಿ ಗಂಡು ಹಾರ್ಮೋನಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಯಕೃತ್ತಿನಲ್ಲಿ ಲೈಂಗಿಕ ಹಾರ್ಮೋನುಗಳನ್ನು ಹಿಡಿದಿಡುವ ಪ್ರೊಟೀನನ್ನು ತಗ್ಗಿಸುತ್ತದೆ. ಮುಟ್ಟು ತಪ್ಪುವುದು, ಮುಖದಲ್ಲಿ ಕೂದಲು, ಬಸಿರು ನಿಲ್ಲದಿರುವುದು ಎಂಬ ಪಿಸಿಒಎಸ್ (ಅಂಡಾಶಯದ ಹಾರ್ಮೋನು ತೊಂದರೆ) ಲಕ್ಷಣಗಳು ಇದರಿಂದ ಬಲಿಯುತ್ತವೆ. ಪಿಸಿಒಎಸ್ ತೆಳ್ಳಗಿನವರಿಗೂ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಆದರೂ ದಪ್ಪಗಿರುವವರಲ್ಲಿ ತೂಕ ಶೇಕಡ 5ರಿಂದ 10 ಇಳಿದರೆ ಎಷ್ಟೋ ಮಂದಿಗೆ ಮುಟ್ಟಿನ ಕ್ರಮ ಮರಳುತ್ತದೆ. ಗಂಡಸರಲ್ಲಿ ಬೊಜ್ಜು ಟೆಸ್ಟೋಸ್ಟೆರಾನನ್ನು ಇಳಿಸುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಕೊಬ್ಬಿನಲ್ಲೇ ತಯಾರಾಗುವ ಈಸ್ಟ್ರೋಜೆನ್ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯವನ್ನು ಏರಿಸುತ್ತದೆ.

ಹಾಗಾದರೆ ಇಳಿಸಿದ ತೂಕ ಏಕೆ ನಿಲ್ಲುವುದಿಲ್ಲ? ಆಸ್ಟ್ರೇಲಿಯದಲ್ಲಿ ಹತ್ತು ವಾರ ಅತ್ಯಲ್ಪ ಆಹಾರದಲ್ಲಿದ್ದು ತೂಕ ಇಳಿಸಿದವರನ್ನು ವರ್ಷದ ಬಳಿಕ ಪರೀಕ್ಷಿಸಿದಾಗ, ಹಸಿವು ಕೆರಳಿಸುವ ಗ್ರೆಲಿನ್ ಆಗಲೂ ಮೊದಲಿಗಿಂತ ಹೆಚ್ಚೇ ಇತ್ತು, ಲೆಪ್ಟಿನ್ ಕಡಿಮೆಯೇ ಇತ್ತು. 2011ರಲ್ಲಿ ಪ್ರಕಟವಾದ ಈ ಫಲಿತಾಂಶ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಮಾನವೀಯ ಶೋಧ. ಮತ್ತೆ ದಪ್ಪಗಾದವರು ಸೋಮಾರಿಗಳಲ್ಲ. ಅವರ ದೇಹ ತೂಕದ ಇಳಿಕೆಯನ್ನು ಬರಗಾಲವೆಂದೇ ಬಗೆದಿದೆ. ಮದ್ದಿನಿಂದ ಇಳಿಸಿದರೂ ಇದೇ ಕತೆ: ಕರುಳಿನ ಹಾರ್ಮೋನೊಂದನ್ನು ಅನುಕರಿಸುವ ಸೆಮಗ್ಲುಟೈಡ್ ಎಂಬ ಮದ್ದು ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇಕಡ 15ರಷ್ಟು ತೂಕ ಇಳಿಸಿತು. ಮದ್ದು ನಿಲ್ಲಿಸಿದ ವರ್ಷದೊಳಗೆ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತು.

ನಮ್ಮ ದೇಶದಲ್ಲಿ ಪ್ರಶ್ನೆ ಇನ್ನೂ ಜಟಿಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಶೇಕಡ 24 ಹೆಂಗಸರನ್ನೂ 22.9 ಗಂಡಸರನ್ನೂ ಅಧಿಕ ತೂಕದವರೆಂದು ಎಣಿಸಿದ್ದು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 25ರ ಗೆರೆಯಿಂದ. ಭಾರತೀಯರಿಗೆ ತಜ್ಞರು ಹಾಕಿದ ಗೆರೆ 23. ಕಾರಣದ ಸುಳಿವು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಅಧ್ಯಯನಗಳಲ್ಲಿದೆ: ಪುಣೆಯ ನವಜಾತ ಶಿಶುಗಳು ಲಂಡನ್ನಿನ ಬಿಳಿಯರ ಶಿಶುಗಳಿಗಿಂತ ಹಗುರ, ಆದರೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಇನ್ಸುಲಿನ್ ಹೆಚ್ಚು. ಅಂದರೆ ತೆಳ್ಳಗೆ ಕಾಣುವ ದೇಹದಲ್ಲೂ ಬೊಜ್ಜಿನ ಹಾರ್ಮೋನು ಚಿತ್ರ ಹುಟ್ಟಿನಿಂದಲೇ ಇರಬಲ್ಲದು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಸಾಕ್ಷ್ಯ ಇದನ್ನು ಮುಂದುವರಿಸುತ್ತದೆ. 1934ರಿಂದ ಕಾದಿಟ್ಟ ಹೆರಿಗೆ ದಾಖಲೆಗಳು ಅಲ್ಲಿವೆ. 1997–98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರ ಸಕ್ಕರೆ ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷದ ಹೊತ್ತಿಗೆ ಮೈಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಉಳಿದ ಮಕ್ಕಳಿಗಿಂತ ಹೆಚ್ಚಿದ್ದವು. ಎಂದಮೇಲೆ ಬೊಜ್ಜಿನ ತಡೆ ನಡುವಯಸ್ಸಿನ ಜಿಮ್‌ನಲ್ಲಿ ಶುರುವಾದರೆ ತಡವಾಯಿತು. ಗರ್ಭಿಣಿಯರೆಲ್ಲರಿಗೂ 75 ಗ್ರಾಂ ಗ್ಲೂಕೋಸ್ ಕೊಟ್ಟು ಪರೀಕ್ಷಿಸಬೇಕೆಂಬ ಕೇಂದ್ರ ಸರ್ಕಾರದ ಮಾರ್ಗಸೂಚಿ ಈಗಾಗಲೇ ಇದೆ. ಸಕ್ಕರೆ ಕಂಡುಬಂದ ತಾಯಂದಿರ ಮಕ್ಕಳನ್ನು ಐದು ಮತ್ತು ಹತ್ತರ ವಯಸ್ಸಿನಲ್ಲಿ ಮತ್ತೆ ಕರೆಸಿ ತೂಕದ ಜತೆಗೆ ಸೊಂಟದ ಸುತ್ತಳತೆಯನ್ನೂ ನೋಡುವ ಏರ್ಪಾಡನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕೈಗೆತ್ತಿಕೊಳ್ಳಬೇಕು.