ಸೆಲ್ಯುಲೇಸ್: ಶೋಧದ ಇತಿಹಾಸ

ಸಸ್ಯಗಳ ನಾರನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳ ಗುಂಪಿಗೆ ಸೆಲ್ಯುಲೇಸ್ ಎಂದು ಹೆಸರು. ಹಲವು ಶಿಲೀಂಧ್ರಗಳು ಮತ್ತು ಬ್ಯಾಕ್ಟೀರಿಯಗಳು ಇವನ್ನು ಉತ್ಪಾದಿಸುತ್ತವೆ. ಹುಲ್ಲು, ಮರ, ಹತ್ತಿ ಎಲ್ಲದರ ಗಟ್ಟಿತನಕ್ಕೂ ಸೆಲ್ಯುಲೋಸ್ ಆಧಾರ. ಗ್ಲೂಕೋಸ್ ಅಣುಗಳು ಸಾವಿರಗಟ್ಟಲೆ ಸಾಲುಗೂಡಿ ಸರಪಳಿಯಾಗುತ್ತವೆ. ಸರಪಳಿಗಳು ಒತ್ತೊತ್ತಾಗಿ ಸೇರಿ ಹರಳಿನಂತೆ ಬಿಗಿಯುತ್ತವೆ. ಮರದಲ್ಲಾದರೆ ಇದರ ಸುತ್ತ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳ ಕವಚ ಬೇರೆ. ಹಸು ಹುಲ್ಲು ತಿಂದು ಬದುಕುವುದು ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ಬಿಗಿಯನ್ನು ಬಿಡಿಸಬಲ್ಲವು ಎಂಬ ಕಾರಣಕ್ಕೆ.

ಸೆಲ್ಯುಲೋಸನ್ನು ಬೇರ್ಪಡಿಸಿ ತೋರಿಸಿದವರು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್, 1838ರಲ್ಲಿ. ಅದನ್ನು ಒಡೆಯುವ ಕಿಣ್ವಗಳ ಅಧ್ಯಯನ ಬಿರುಸಾದದ್ದು ಮಾತ್ರ ಒಂದು ಶತಮಾನದ ನಂತರ, ಎರಡನೆಯ ಮಹಾಯುದ್ಧದ ಕಾಲದಲ್ಲಿ. ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರ ಗುಡಾರ, ಸಮವಸ್ತ್ರ, ಸೊಂಟಪಟ್ಟಿಗಳು ಬಿಸಿಲು ಮಳೆಯ ಸೆಕೆಯಲ್ಲಿ ಬಹುಬೇಗ ಲಡ್ಡಾಗುತ್ತಿದ್ದವು. ಸೇನೆಯ ಸರಬರಾಜು ವಿಭಾಗವಾದ ಕ್ವಾರ್ಟರ್‌ಮಾಸ್ಟರ್ ಕೋರ್ ಕೊಳೆತ ಬಟ್ಟೆಗಳಿಂದ ಸಾವಿರಾರು ಸೂಕ್ಷ್ಮಜೀವಿಗಳನ್ನು ಸಂಗ್ರಹಿಸಿತು. ಸಾಲೊಮನ್ ದ್ವೀಪಸ್ತೋಮದ ಬೂಗನ್‌ವಿಲ್ ದ್ವೀಪದಿಂದ ಬಂದ ಹತ್ತಿಯ ಗುಡಾರದ ಬಟ್ಟೆಯೊಂದರಲ್ಲಿ ಹಸಿರು ಬೂಷ್ಟು ಸಿಕ್ಕಿತು. ಕ್ವಾರ್ಟರ್‌ಮಾಸ್ಟರ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಕ್ಯೂಎಂ6ಎ ಎಂಬ ಗುರುತು ಬಿತ್ತು. ಇಂದು ಕೈಗಾರಿಕೆಗಳು ಬಳಸುವ ಟ್ರೈಕೋಡರ್ಮ ರೀಸೈ ತಳಿಗಳೆಲ್ಲ ಇದೊಂದೇ ಮಾದರಿಯಿಂದ ಬಂದವು. ನಮ್ಮ ಅಡಿಕೆ, ಮೆಣಸು ಬೆಳೆಗಾರರು ಬುಡಕೊಳೆಗೆಂದು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸುವ ಟ್ರೈಕೋಡರ್ಮ ಇದೇ ಕುಲದ ಬೇರೆ ಪ್ರಭೇದ.

ಬಟ್ಟೆಯನ್ನು ಉಳಿಸುವ ದಾರಿ ಹುಡುಕುವುದು ಸೇನೆಯ ಪ್ರಯೋಗಾಲಯಕ್ಕೆ ಒಪ್ಪಿಸಿದ್ದ ಕೆಲಸ. ಅಲ್ಲಿದ್ದ ಎಲ್ವಿನ್ ರೀಸ್ ಅಷ್ಟಕ್ಕೇ ನಿಲ್ಲದೆ, ಬಟ್ಟೆ ಹಾಳಾಗುವುದಾದರೂ ಹೇಗೆ ಎಂಬುದರ ಬೆನ್ನು ಹತ್ತಿದರು. ರಾಸಾಯನಿಕವಾಗಿ ಮಾರ್ಪಡಿಸಿ ನೀರಿನಲ್ಲಿ ಕರಗುವಂತೆ ಮಾಡಿದ ಸೆಲ್ಯುಲೋಸನ್ನು ಬಹಳಷ್ಟು ಶಿಲೀಂಧ್ರಗಳು ಒಡೆಯುತ್ತಿದ್ದವು; ಹತ್ತಿಯ ನಾರನ್ನೇ ಕೊಟ್ಟರೆ ಕೆಲವಕ್ಕೆ ಮಾತ್ರ ಅದು ಸಾಧ್ಯವಾಗುತ್ತಿತ್ತು. ಇದರಿಂದ ರೀಸ್ ಮತ್ತು ಸಂಗಡಿಗರು 1950ರಲ್ಲಿ ಒಂದು ಊಹೆ ಮುಂದಿಟ್ಟರು: ಮೊದಲು ಸಿ1 ಎಂಬ ಅಂಶ ಹರಳಿನ ಬಿಗಿ ಸಡಿಲಿಸುತ್ತದೆ, ಆಮೇಲೆ ಸಿಎಕ್ಸ್ ಕಿಣ್ವಗಳು ಬಿಡಿಬಿಡಿಯಾದ ಸರಪಳಿಯನ್ನು ಕತ್ತರಿಸುತ್ತವೆ. ಈ ಊಹೆ ಬಹಳ ಫಲವತ್ತಾಗಿತ್ತು. ಸೆಲ್ಯುಲೇಸ್ ಒಂಟಿ ಕಿಣ್ವವಲ್ಲ, ಒಂದು ತಂಡ ಎಂಬ ತಿಳಿವಳಿಕೆ ಬೇರೂರಿದ್ದು ಇಲ್ಲಿಂದ.

ಮ್ಯಾಸಚೂಸೆಟ್ಸ್‌ನ ನೇಟಿಕ್‌ಗೆ ಪ್ರಯೋಗಾಲಯ ಸ್ಥಳಾಂತರಗೊಂಡ ಮೇಲೆ ರೀಸ್ ಜೊತೆ ದುಡಿದವರು ಮೇರಿ ಮ್ಯಾಂಡೆಲ್ಸ್. ಯಾವ ಆಹಾರ ಕೊಟ್ಟರೆ ಶಿಲೀಂಧ್ರ ಹೆಚ್ಚು ಕಿಣ್ವ ಸ್ರವಿಸುತ್ತದೆ ಎಂಬುದನ್ನು ಅವರು ವರ್ಷಗಟ್ಟಲೆ ಶೋಧಿಸಿದರು. 1973ರ ತೈಲ ಬಿಕ್ಕಟ್ಟಿನೊಂದಿಗೆ ಈ ಕೆಲಸದ ಗುರಿ ಬದಲಾಯಿತು. ತ್ಯಾಜ್ಯದಿಂದ ಸಕ್ಕರೆ, ಸಕ್ಕರೆಯಿಂದ ಇಂಧನ ಪಡೆಯುವ ಮಾತು ಬಂತು. ಕಿಣ್ವದ ಬಲ ಅಳೆಯಲು ನೇಟಿಕ್‌ನಲ್ಲಿ ರೂಪುಗೊಂಡ ಪರೀಕ್ಷೆ ಸರಳ. 1 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ಸೋಸುಕಾಗದದ ಪಟ್ಟಿಯನ್ನು (ತೂಕ ಸುಮಾರು 50 ಮಿಲಿಗ್ರಾಂ) ಕಿಣ್ವದ ದ್ರಾವಣದಲ್ಲಿ ಮುಳುಗಿಸಿ, 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು, ಬಿಡುಗಡೆಯಾದ ಸಕ್ಕರೆ ಎಷ್ಟೆಂದು ನೋಡುವುದು. ದೆಹಲಿ ಐಐಟಿಯ ಟಿ.ಕೆ. ಘೋಷ್ 1987ರಲ್ಲಿ ಪ್ರಕಟಿಸಿದ ಅಳತೆಯ ವಿಧಾನ ಈ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನದಂಡವಾಯಿತು.

1977ರವರೆಗೆ ಟ್ರೈಕೋಡರ್ಮ ವಿರಿಡೆ ಎನಿಸಿಕೊಂಡಿದ್ದ ಕ್ಯೂಎಂ6ಎ ಶಿಲೀಂಧ್ರ ಬೇರೆಯೇ ಪ್ರಭೇದವೆಂದು ಆ ವರ್ಷ ಗೊತ್ತಾಗಿ, ರೀಸ್ ಗೌರವಾರ್ಥ ಅದಕ್ಕೆ ಟ್ರೈಕೋಡರ್ಮ ರೀಸೈ ಎಂಬ ಈಗಿನ ಹೆಸರು ಬಂತು. ವಿಕಿರಣ ಮತ್ತು ರಾಸಾಯನಿಕಗಳಿಂದ ಹೆಚ್ಚು ಕಿಣ್ವ ಕೊಡುವ ತಳಿಗಳು ಹುಟ್ಟಿಕೊಂಡವು. ಅವುಗಳಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ರಟ್-ಸಿ30 ಪ್ರಸಿದ್ಧ. ಜೀನ್ಸ್ ಬಟ್ಟೆಯನ್ನು ಮಾಸಲು ಮಾಡುವುದಕ್ಕೂ ಸೋಪಿನ ಪುಡಿಗೂ ಈ ಕಿಣ್ವಗಳು ಬಳಕೆಗೆ ಬಂದವು.

1990ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಕಿಣ್ವಗಳ ಆಕಾರ ಬಿಡಿಬಿಡಿಯಾಗಿ ಕಂಡಿತು. ಮುಖ್ಯ ಕಿಣ್ವದೊಳಗೆ ಸುರಂಗವೊಂದಿದೆ. ಸೆಲ್ಯುಲೋಸ್ ಸರಪಳಿಯ ತುದಿ ಅದರೊಳಗೆ ಹೊಕ್ಕರೆ, ಕಿಣ್ವ ಮುಂದೆ ಸಾಗುತ್ತ ಗ್ಲೂಕೋಸನ್ನು ಎರಡೆರಡರ ಜೋಡಿಗಳಾಗಿ ಕತ್ತರಿಸಿ ಹೊರಗೆ ಬಿಡುತ್ತದೆ. 2008ರಲ್ಲಿ ಶಿಲೀಂಧ್ರದ ಜೀನೋಮ್ ಓದಿದಾಗ ಅಚ್ಚರಿ ಕಾದಿತ್ತು. ಇಷ್ಟು ಸಮರ್ಥ ಜೀವಿಯಲ್ಲಿ ಸಸ್ಯನಾರು ಒಡೆಯುವ ಕಿಣ್ವಗಳ ಜೀನುಗಳು ಅದರ ಬಂಧುಗಳಿಗಿಂತ ಕಡಿಮೆ. ಅದರ ಬಲ ವೈವಿಧ್ಯದಲ್ಲಿಲ್ಲ, ಇದ್ದಷ್ಟನ್ನೇ ಹೇರಳವಾಗಿ ಸ್ರವಿಸುವುದರಲ್ಲಿದೆ.

ಸುರಂಗದೊಳಕ್ಕೆ ಹೋಗಲು ಸರಪಳಿಯ ತುದಿ ಸಿಗಬೇಕು. ಹರಳಿನ ಮೇಲ್ಮೈಯಲ್ಲಿ ತುದಿಗಳೇ ವಿರಳ. ರೀಸ್ ಊಹಿಸಿದ್ದ ಸಿ1ನ ಪ್ರಶ್ನೆ ಹಾಗೆಯೇ ಉಳಿದಿತ್ತು. 2010ರಲ್ಲಿ ನಾರ್ವೆಯ ಜೀವವಿಜ್ಞಾನ ವಿಶ್ವವಿದ್ಯಾಲಯದ ತಂಡವೊಂದು ಬ್ಯಾಕ್ಟೀರಿಯದ ಪ್ರೋಟೀನೊಂದು ಸೆಲ್ಯುಲೋಸನ್ನು ಹೋಲುವ ಕೈಟಿನ್ ಎಂಬ ಪದಾರ್ಥದ ಹರಳನ್ನು ಆಕ್ಸೀಕರಣದಿಂದ ಸೀಳುವುದನ್ನು ತೋರಿಸಿತು. ಸ್ವಲ್ಪದರಲ್ಲೇ ಸೆಲ್ಯುಲೋಸಿನ ಮೇಲೂ ಹೀಗೆ ಕೆಲಸ ಮಾಡುವ ತಾಮ್ರಯುಕ್ತ ಕಿಣ್ವಗಳು ಶಿಲೀಂಧ್ರಗಳಲ್ಲಿ ಪತ್ತೆಯಾದವು. ಇವು ಬಿಗಿಯಾದ ಮೇಲ್ಮೈಯಲ್ಲೇ ಗೀರು ಹಾಕಿ ಹೊಸ ತುದಿಗಳನ್ನು ತೆರೆದುಕೊಡುತ್ತವೆ. ವಾಣಿಜ್ಯ ಮಿಶ್ರಣಗಳಲ್ಲಿ ಇವು ಸೇರಿದ ಮೇಲೆ ಬೇಕಾಗುವ ಕಿಣ್ವದ ಪ್ರಮಾಣ ತಗ್ಗಿತು.

ಭಾರತದಲ್ಲಿ 2022ರ ಆಗಸ್ಟ್‌ನಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಇಂಥ ಕಿಣ್ವಗಳನ್ನು ಬಳಸುವ ಇಂಡಿಯನ್ ಆಯಿಲ್ ಸಂಸ್ಥೆಯ ಎಥನಾಲ್ ಘಟಕ ಉದ್ಘಾಟನೆಯಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವುದು ಅದರ ಗುರಿ. ಇಂಥ ಘಟಕಗಳಲ್ಲಿ ಹುಲ್ಲು ಕಿಣ್ವದ ತೊಟ್ಟಿ ಸೇರುವ ಮುನ್ನ ಬಿಸಿ ಹಬೆ ಅಥವಾ ಆಮ್ಲದ ಉಪಚಾರಕ್ಕೆ ಒಳಗಾಗಬೇಕು. ಲಿಗ್ನಿನ್ನಿನ ಕವಚ ಸಡಿಲಾಗದೆ ಕಿಣ್ವ ಒಳಹೋಗದು. ಈ ಹಂತದ ಖರ್ಚು ಮತ್ತು ಕಿಣ್ವದ ಬೆಲೆ, ಹುಲ್ಲಿನ ಎಥನಾಲ್ ಇಂದಿಗೂ ದುಬಾರಿಯಾಗಿರಲು ಇವೆರಡು ದೊಡ್ಡ ಕಾರಣಗಳು.